ಮಗಳ ಜರ್ಮನಿ ಓದಿಗೆ ತೋಟ ಅಡವಿಡಬೇಕೇ?

ಪ್ರಶ್ನೆ: ನಾವು ಶಿರಸಿ ತಾಲ್ಲೂಕಿನವರು. ಅಡಿಕೆ ತೋಟವೇ ನಮ್ಮ ಜೀವನಾಧಾರ. ಮಗಳು ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಜರ್ಮನಿಯಲ್ಲಿ ಶುಲ್ಕವಿಲ್ಲದೆ ಎಂಜಿನಿಯರಿಂಗ್ ಓದಬಹುದೆಂದು ಯಾರೋ ಹೇಳಿದ್ದಾರೆ. ಪರೀಕ್ಷೆ ಮುಗಿದ ಕೂಡಲೇ ಹೊರಡುತ್ತೇನೆಂದು ಹಟ ಹಿಡಿದಿದ್ದಾಳೆ. ತೋಟ ಅಡವಿಟ್ಟಾದರೂ ಕಳಿಸೋಣ ಎಂದು ನಮ್ಮ ಯಜಮಾನರು ಹೇಳುತ್ತಾರೆ. ಒಟ್ಟು ಎಷ್ಟು ಹಣ ಬೇಕು? ಬ್ಯಾಂಕಿನಲ್ಲಿ ಸಾಲ ಸಿಗುತ್ತದೆಯೇ? ಎಲ್ಲಿಂದ ಶುರು ಮಾಡಬೇಕು?
– ಹೆಸರು ಬೇಡ, ಶಿರಸಿ

ಉತ್ತರ: ಹಣದ ಮಾತಿಗೆ ಮೊದಲು ಅರ್ಹತೆಯ ಮಾತು. ನಮ್ಮ ಪಿಯುಸಿಯೊಂದರ ಬಲದಿಂದಲೇ ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಪದವಿ ತರಗತಿಗೆ ನೇರ ಪ್ರವೇಶ ಸಾಮಾನ್ಯವಾಗಿ ಸಿಗುವುದಿಲ್ಲ. ದಾರಿಗಳು ಮೂರಿವೆ. ಜೆಇಇ ಅಡ್ವಾನ್ಸ್ಡ್‌ನಲ್ಲಿ ತೇರ್ಗಡೆಯಾದವರಿಗೆ ತಾಂತ್ರಿಕ ವಿಷಯಗಳಲ್ಲಿ ಅವಕಾಶವಿದೆ. ಇಲ್ಲಿನ ಮಾನ್ಯತೆ ಪಡೆದ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷವನ್ನು ಯಶಸ್ವಿಯಾಗಿ ಮುಗಿಸಿದವರು ಅದಕ್ಕೆ ಹೊಂದುವ ವಿಷಯಕ್ಕೆ ಅರ್ಜಿ ಹಾಕಬಹುದು. ಇವೆರಡೂ ಇಲ್ಲದವರು ಅಲ್ಲಿಗೆ ಹೋಗಿ 'ಸ್ಟುಡಿಯನ್‌ಕೊಲೆಗ್' ಎಂಬ ಒಂದು ವರ್ಷದ ಪೂರ್ವಸಿದ್ಧತಾ ತರಗತಿ ಓದಿ, ಅದರ ಕೊನೆಯ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು. ಆ ತರಗತಿಗೆ ಸೇರಲೂ ಪ್ರವೇಶ ಪರೀಕ್ಷೆಯಿದೆ, ಅದಕ್ಕೆ ಬಿ1 ಅಥವಾ ಬಿ2, ಅಂದರೆ ಮಧ್ಯಮ ಮಟ್ಟದ ಜರ್ಮನ್ ಬೇಕು. ಸರ್ಕಾರಿ ವಿಶ್ವವಿದ್ಯಾಲಯಗಳ ಪದವಿ ಪಾಠ ಬಹುಪಾಲು ಜರ್ಮನ್ ಭಾಷೆಯಲ್ಲೇ ನಡೆಯುವುದರಿಂದ ಮುಂದೆ ಸಿ1 ಎಂಬ ಮೇಲಿನ ಮಟ್ಟದವರೆಗೂ ಕಲಿಯಲೇಬೇಕಾಗುತ್ತದೆ. ಆದ್ದರಿಂದ ಇನ್ನೂ ಜರ್ಮನ್ ಅಕ್ಷರ ಮುಟ್ಟದ ಹುಡುಗಿ ಪರೀಕ್ಷೆ ಮುಗಿಸಿ ಇದೇ ಅಕ್ಟೋಬರ್‌ನ ತರಗತಿಗೆ ಹೊರಡುವುದು ಆಗದ ಮಾತು. ಇದನ್ನು ನೀವು ಹೇಳುವುದಕ್ಕಿಂತ, ಆಯಾ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಪ್ರವೇಶದ ನಿಯಮಗಳನ್ನು ಅವಳೇ ಓದಿ ನಿಮಗೆ ವಿವರಿಸುವಂತೆ ಮಾಡಿ. ಅಷ್ಟು ಓದುವ ತಾಳ್ಮೆ ಇಲ್ಲದಿದ್ದರೆ ಅದೂ ಒಂದು ಉತ್ತರವೇ.

ಇನ್ನು 'ಶುಲ್ಕವಿಲ್ಲ' ಎಂಬ ಮಾತು. ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲವೆಂಬುದು ನಿಜ. ಪ್ರತಿ ಸೆಮಿಸ್ಟರ್‌ಗೆ ಕೆಲವು ನೂರು ಯೂರೋಗಳ ವಂತಿಗೆ ಮಾತ್ರ ಇರುತ್ತದೆ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯವು 2017ರಿಂದ ಯೂರೋಪ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರ್‌ಗೆ 1,500 ಯೂರೋ ಪಡೆಯುತ್ತಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಶುಲ್ಕ ಆರಂಭಿಸಿದೆ. ದೊಡ್ಡ ಖರ್ಚು ಶುಲ್ಕವಲ್ಲ, ವಾಸ. ವೀಸಾಕ್ಕೆ ಮುನ್ನ 'ಬ್ಲಾಕ್ಡ್ ಅಕೌಂಟ್' ಎಂಬ ಖಾತೆಯಲ್ಲಿ ಒಂದು ವರ್ಷದ ಖರ್ಚನ್ನು ಮುಂಗಡವಾಗಿ ಇಡಬೇಕು. 2024ರ ಸೆಪ್ಟೆಂಬರ್‌ನಿಂದ ಈ ಮೊತ್ತ 11,904 ಯೂರೋ. ಅಲ್ಲಿ ಇಳಿದ ಮೇಲೆ ತಿಂಗಳಿಗೆ 992 ಯೂರೋದಂತೆ ಕೈಗೆ ಬರುತ್ತದೆ. ಯೂರೋಗೆ 100 ರೂಪಾಯಿಯೆಂದೇ ಹಿಡಿದರೂ ವರ್ಷಕ್ಕೆ ಸುಮಾರು 12 ಲಕ್ಷವಾಯಿತು. ಪೂರ್ವಸಿದ್ಧತೆಯ ಒಂದು ವರ್ಷ, ಪದವಿಯ ಮೂರರಿಂದ ಮೂರೂವರೆ ವರ್ಷ ಸೇರಿಸಿದರೆ ಐವತ್ತು ಲಕ್ಷದ ಸುತ್ತಮುತ್ತ ಬಂದು ನಿಲ್ಲುತ್ತದೆ. ಶುಲ್ಕವಿಲ್ಲದ ಓದಿನ ಲೆಕ್ಕ ಇದು.

ಈ ಕಾರಣಕ್ಕೇ ನಿಮ್ಮಂಥ ಕುಟುಂಬಕ್ಕೆ ನಾನು ಹೇಳುವುದು: ಬಿ.ಇ. ಇಲ್ಲೇ ಆಗಲಿ, ಜೊತೆಗೆ ಜರ್ಮನ್ ಕಲಿಕೆ ಸಾಗಲಿ, ಎರಡು ವರ್ಷದ ಸ್ನಾತಕೋತ್ತರ ಪದವಿಗೆ ಹೋಗಲಿ. ಅಲ್ಲಿನ ಖರ್ಚು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಸ್ನಾತಕೋತ್ತರದಲ್ಲಿ ಇಂಗ್ಲಿಷ್ ಮಾಧ್ಯಮದ ಕೋರ್ಸುಗಳೂ ಹೆಚ್ಚಿವೆ. ಮಗಳಿಗೆ ಇದು ಒಪ್ಪಿಗೆಯಾಗದೆ ಮೊದಲ ವರ್ಷದ ನಂತರವೇ ಹೋಗುವುದಾದರೆ, ಸೀಟು ಪಡೆಯುವ ಮೊದಲು ಒಂದು ವಿಷಯ ಕಾಲೇಜಿನಲ್ಲಿ ಲಿಖಿತವಾಗಿ ಕೇಳಿ: ನಡುವೆ ಬಿಟ್ಟರೆ ಉಳಿದ ವರ್ಷಗಳ ಶುಲ್ಕ ಕಟ್ಟಬೇಕೇ, ಮೂಲ ಅಂಕಪಟ್ಟಿಗಳನ್ನು ಯಾವಾಗ ಹಿಂದಿರುಗಿಸುತ್ತಾರೆ? ಈ ಒಂದು ಪ್ರಶ್ನೆ ಕೇಳದೆ ಪೇಚಿಗೆ ಸಿಕ್ಕಿಕೊಂಡವರು ಬಹಳ.

ತೋಟದ ವಿಚಾರದಲ್ಲಿ ನಿಮ್ಮ ಯಜಮಾನರಿಗೆ ಸಮಾಧಾನವಾಗಿ ತಿಳಿಸಿ: ಅವರು ಅಡವಿಡಲು ಸಿದ್ಧರಿದ್ದರೂ ಬ್ಯಾಂಕು ಒಪ್ಪುವ ಸಂಭವ ಕಡಿಮೆ. ಸಾಲ ಮರಳದಿದ್ದರೆ ನ್ಯಾಯಾಲಯಕ್ಕೆ ಹೋಗದೆಯೇ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕುಗಳಿಗೆ ಅಧಿಕಾರ ಕೊಟ್ಟಿರುವ 2002ರ ಸರ್ಫೇಸಿ ಕಾಯ್ದೆ ಕೃಷಿಭೂಮಿಗೆ ಅನ್ವಯಿಸುವುದಿಲ್ಲ. ಹಾಗಾಗಿ ದೊಡ್ಡ ಶಿಕ್ಷಣ ಸಾಲಕ್ಕೆ ಪಹಣಿಯಲ್ಲಿರುವ ಜಮೀನಿಗಿಂತ ಮನೆ, ಸೈಟು, ಠೇವಣಿ ಅಥವಾ ವಿಮಾ ಪಾಲಿಸಿಯನ್ನೇ ಅವರು ಕೇಳುತ್ತಾರೆ. ಊರಿನ ಮನೆ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಇ-ಸ್ವತ್ತಿನ ದಾಖಲೆ ಈಗಲೇ ಮಾಡಿಸಿಡಿ. ಸಾಲದ ಅರ್ಜಿಯ ದಿನ ಪಂಚಾಯಿತಿಗೆ ಓಡಿದರೆ ಕೆಲಸ ಮುಗಿಯುವುದಿಲ್ಲ.

ಎರಡನೆಯದು, ಆದಾಯದ ಪುರಾವೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲವೆಂದು ನಮ್ಮ ಕಡೆ ರಿಟರ್ನ್ಸ್ ಸಲ್ಲಿಸುವ ರೂಢಿಯೇ ಕಡಿಮೆ. ಆದರೆ ಬ್ಯಾಂಕಿನವರು ಮೊದಲು ಕೇಳುವುದೇ ಹಿಂದಿನ ಎರಡು ಮೂರು ವರ್ಷಗಳ ರಿಟರ್ನ್ಸ್. ಕೃಷಿ ಆದಾಯವನ್ನು ತೋರಿಸಿ ಈ ವರ್ಷದಿಂದಲೇ ಸಲ್ಲಿಸಲು ಆರಂಭಿಸಿ. ಸಹಕಾರಿ ಸಂಘದಲ್ಲಿ ಅಡಿಕೆ ವಿಕ್ರಿ ಮಾಡಿದ ಬಿಲ್ಲುಗಳನ್ನು ವರ್ಷವಾರು ಜೋಡಿಸಿಡಿ, ಹಣ ಖಾತೆಗೇ ಜಮೆಯಾಗಲಿ. ವಿದೇಶದ ಓದಿನ ಸಾಲದಲ್ಲಿ ಸಾಮಾನ್ಯವಾಗಿ ಶೇಕಡ 15ರಷ್ಟನ್ನು ನೀವೇ ಭರಿಸಬೇಕಾಗುತ್ತದೆ. ಮರುಪಾವತಿ ಓದು ಮುಗಿದ ಒಂದು ವರ್ಷದ ಅನಂತರ ಶುರುವಾದರೂ ಬಡ್ಡಿ ಮೊದಲ ಕಂತು ಬಿಡುಗಡೆಯಾದ ದಿನದಿಂದಲೇ ಬೆಳೆಯುತ್ತದೆ. ಓದಿನ ಅವಧಿಯಲ್ಲೇ ಬಡ್ಡಿ ಕಟ್ಟುತ್ತಾ ಹೋದರೆ ಹೊರೆ ಬಹಳ ತಗ್ಗುತ್ತದೆ.

ಅಡಿಕೆಯವರಿಗೆ ಇನ್ನೊಂದು ತೊಡಕಿದೆ. ಕೈಯಲ್ಲಿ ದುಡ್ಡಾಡುವುದು ಕೊಯ್ಲು ಮುಗಿದ ಬೇಸಿಗೆಯಲ್ಲಿ. ಆದರೆ ಅಕ್ಟೋಬರ್‌ನ ತರಗತಿಗೆ ಪ್ರವೇಶಪತ್ರ ಬಂದು ಬ್ಲಾಕ್ಡ್ ಅಕೌಂಟ್ ತುಂಬಬೇಕಾಗುವುದು ಜುಲೈ, ಆಗಸ್ಟ್‌ನಲ್ಲಿ, ಅಂದರೆ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುವ ಖರ್ಚು ಎದುರಿಗಿರುವ ಮಳೆಗಾಲದಲ್ಲಿ. ವಿಕ್ರಿಯಾದ ಕೂಡಲೇ ಒಂದು ಪಾಲನ್ನು ಮಗಳ ಹೆಸರಿನ ಲೆಕ್ಕಕ್ಕೆ ಠೇವಣಿ ಇಡದಿದ್ದರೆ, ಆಗ ಕೈಸಾಲವೇ ಗತಿ. ಹಣ ಕಳಿಸುವಾಗ ಗಮನಿಸಬೇಕಾದದ್ದು: 2025ರ ಏಪ್ರಿಲ್‌ನಿಂದ ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ ವಿದೇಶಕ್ಕೆ ಕಳಿಸುವ ಸ್ವಂತ ಹಣ 10 ಲಕ್ಷ ರೂಪಾಯಿ ದಾಟಿದರೆ, ದಾಟಿದ ಭಾಗದ ಮೇಲೆ ಬ್ಯಾಂಕು ತೆರಿಗೆಯನ್ನು ಮೂಲದಲ್ಲೇ ವಸೂಲು ಮಾಡುತ್ತದೆ. ಬ್ಯಾಂಕಿನಿಂದ ಶಿಕ್ಷಣ ಸಾಲವೆಂದೇ ಪಡೆದ ಹಣಕ್ಕೆ ಇದು ಇಲ್ಲ. ನಿಮ್ಮ ಹೆಸರಿನಲ್ಲೂ ಪ್ಯಾನ್ ಮತ್ತು ಖಾತೆ ಇದ್ದು, ಇಬ್ಬರೂ ಹಂಚಿಕೊಂಡು ಕಳಿಸಿದರೆ ಆ ಮಿತಿಯನ್ನು ಮುಟ್ಟುವುದೇ ಇಲ್ಲ. ವಸೂಲಾದರೂ ರಿಟರ್ನ್ಸ್ ಸಲ್ಲಿಸಿ ಹಿಂಪಡೆಯಬಹುದು.

ಚಿಕ್ಕದಾಗಿ ಕಂಡು ದೊಡ್ಡದಾಗುವ ಸಂಗತಿಯೊಂದು ಹೆಸರು. ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ತಂದೆಯ, ಊರಿನ ಇನಿಷಿಯಲ್ ಇರುತ್ತದೆ. ಆಧಾರ್‌ನಲ್ಲಿ ಇನಿಷಿಯಲ್ ಇಲ್ಲ. ಪಾಸ್‌ಪೋರ್ಟಿನಲ್ಲಿ 'ಹೆಗಡೆ' ಎಂದೋ 'ಭಟ್' ಎಂದೋ ಅಡ್ಡಹೆಸರು ಸೇರಿರುತ್ತದೆ. ಭಾರತೀಯ ವಿದ್ಯಾರ್ಥಿಗಳ ದಾಖಲೆಗಳನ್ನು ಪರಿಶೀಲಿಸುವ ಎಪಿಎಸ್ ಪ್ರಮಾಣಪತ್ರ 2022ರ ನವೆಂಬರ್‌ನಿಂದ ವೀಸಾಕ್ಕೆ ಕಡ್ಡಾಯ. ಅಲ್ಲಿ ಮೂರು ಕಡೆ ಮೂರು ಹೆಸರಿದ್ದರೆ ಕಡತ ನಿಲ್ಲುತ್ತದೆ. ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ಮೊದಲೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಎದುರಿಗಿಟ್ಟುಕೊಂಡು ಎಲ್ಲವನ್ನೂ ಒಂದೇ ರೀತಿ ಮಾಡಿಸಿ.

ಪ್ರಶ್ನೆ: ಮಗ ಬಿ.ಇ. ಕೊನೆಯ ವರ್ಷದಲ್ಲಿದ್ದಾನೆ. ಸಲಹಾ ಕೇಂದ್ರವೊಂದು ಬರ್ಲಿನ್‌ನ ಖಾಸಗಿ ವಿಶ್ವವಿದ್ಯಾಲಯದಲ್ಲಿ ಖಚಿತ ಪ್ರವೇಶ ಕೊಡಿಸುವುದಾಗಿ ಹೇಳಿ, ವಾರದೊಳಗೆ ಮುಂಗಡ ಕಟ್ಟಲು ಒತ್ತಾಯಿಸುತ್ತಿದೆ. ನಂಬಬಹುದೇ?
– ಒಬ್ಬ ತಂದೆ, ದಾವಣಗೆರೆ

ಉತ್ತರ: ವಾರದ ಗಡುವು ಅವರದ್ದು, ವಿಶ್ವವಿದ್ಯಾಲಯದ್ದಲ್ಲ ಎಂದೇ ತಿಳಿಯಿರಿ. ಇಂಥ ಕೇಂದ್ರಗಳ ಆದಾಯದ ದೊಡ್ಡ ಪಾಲು, ವಿದ್ಯಾರ್ಥಿಯನ್ನು ಸೇರಿಸಿದ್ದಕ್ಕೆ ಶುಲ್ಕ ಪಡೆಯುವ ಸಂಸ್ಥೆಗಳು ಕೊಡುವ ಕಮಿಷನ್. ಶುಲ್ಕವೇ ಇಲ್ಲದ ಸರ್ಕಾರಿ ವಿಶ್ವವಿದ್ಯಾಲಯದಿಂದ ಅದು ಹುಟ್ಟುವುದಿಲ್ಲವಾದ್ದರಿಂದ ಅವುಗಳ ಹೆಸರು ಅವರ ಬಾಯಲ್ಲಿ ಬರುವುದು ಅಪರೂಪ. ಖಾಸಗಿಯವೆಲ್ಲ ಕೆಟ್ಟವೆಂದಲ್ಲ. ಆ ಸಂಸ್ಥೆಗೆ ಜರ್ಮನಿಯ ರಾಜ್ಯ ಸರ್ಕಾರದ ಮಾನ್ಯತೆ ಇದೆಯೇ, ಮತ್ತು ಪಾಠ ತರಗತಿಯಲ್ಲಿ ನಡೆಯುತ್ತದೆಯೇ ಅಥವಾ ಬಹುಪಾಲು ಆನ್‌ಲೈನ್‌ನಲ್ಲೋ ಎಂಬುದನ್ನು ಅಲ್ಲಿಂದಲೇ ಲಿಖಿತವಾಗಿ ತರಿಸಿಕೊಳ್ಳಿ. ಬರ್ಲಿನ್‌ನ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳು, ಅವರ ಕೋರ್ಸು ದೂರಶಿಕ್ಷಣಕ್ಕೆ ಸಮವೆಂದು ಅಧಿಕಾರಿಗಳು ಪರಿಗಣಿಸಿದ್ದರಿಂದ 2025ರಲ್ಲಿ ವಾಸದ ಪರವಾನಗಿಯ ತೊಂದರೆಗೆ ಸಿಲುಕಿದರು. ಮುಂಗಡ ಹಿಂದಿರುಗುವ ಷರತ್ತುಗಳು, ಮುಖ್ಯವಾಗಿ ವೀಸಾ ನಿರಾಕರಣೆಯಾದಾಗ ಏನು ಎಂಬುದು, ಕರಾರಿನಲ್ಲಿ ಇಲ್ಲದಿದ್ದರೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಅಷ್ಟರಲ್ಲಿ ಮಗನೇ ಕೂತು ನಾಲ್ಕೈದು ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಲಿ.

ಪ್ರಶ್ನೆ: ಜರ್ಮನಿಯಲ್ಲಿ ಓದುತ್ತಲೇ ದುಡಿದು ಖರ್ಚು ನೋಡಿಕೊಳ್ಳುತ್ತೇನೆ, ಸಾಲವೂ ತೀರಿಸುತ್ತೇನೆ ಎನ್ನುತ್ತಾನೆ ಮಗ. ಪಿಎಂ ವಿದ್ಯಾಲಕ್ಷ್ಮಿ ಯೋಜನೆಯ ಸಾಲವೂ ಸಿಗುತ್ತದಂತೆ. ಹೌದೇ?
– ಒಬ್ಬ ತಾಯಿ, ಮಂಡ್ಯ

ಉತ್ತರ: 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಭಾರತದ ಆಯ್ದ ಸಂಸ್ಥೆಗಳಲ್ಲಿ ಓದುವವರಿಗೆ ಮಾತ್ರ; ವಿದೇಶದ ಓದಿಗೆ ಅದು ಒದಗುವುದಿಲ್ಲ. ದುಡಿಮೆಯ ವಿಚಾರದಲ್ಲಿ ಜರ್ಮನಿ 2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸಕ್ಕೆ ಅವಕಾಶ ಕೊಟ್ಟಿದೆ. ಕನಿಷ್ಠ ವೇತನವೂ ಚೆನ್ನಾಗಿದೆ, 2025ರಲ್ಲಿ ಗಂಟೆಗೆ 12.82 ಯೂರೋ ಇತ್ತು. ಆದರೆ ಭಾಷೆ ಬಾರದವನಿಗೆ ಸಿಗುವುದು ಗೋದಾಮಿನಲ್ಲಿ ಪೊಟ್ಟಣ ಎತ್ತುವ ಕೆಲಸ. ಮೊದಲ ಎರಡು ಸೆಮಿಸ್ಟರ್‌ನಲ್ಲಿ ಅದಕ್ಕೆ ಇಳಿದರೆ ಪರೀಕ್ಷೆ ಕೈಬಿಡುತ್ತದೆ. ಒಂದು ವಿಷಯದಲ್ಲಿ ನಿಗದಿತ ಬಾರಿ ಅನುತ್ತೀರ್ಣನಾದರೆ ಆ ಕೋರ್ಸನ್ನೇ ಬಿಡಬೇಕಾಗುವ ನಿಯಮ ಅಲ್ಲಿದೆ. ನಮ್ಮಲ್ಲಿಯ ಹಾಗೆ ಬ್ಯಾಕ್‌ಲಾಗ್ ಹೊತ್ತುಕೊಂಡು ಸಾಗಲಾಗದು. ಆದ್ದರಿಂದ ಮೊದಲ ವರ್ಷದ ಖರ್ಚನ್ನು ಪೂರ್ತಿ ನೀವೇ ಹೊಂದಿಸಿ, ಅವನ ಗಳಿಕೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎರಡನೇ ವರ್ಷದಲ್ಲಿ ವಿಭಾಗದಲ್ಲೇ ಸಹಾಯಕನ ಕೆಲಸ ಸಿಕ್ಕರೆ ಕೈಖರ್ಚು ತೂಗಬಹುದು. ಸಾಲ ತೀರಿಸುವ ಮಾತು ನೌಕರಿ ಸಿಕ್ಕ ಮೇಲಿನದು. ಪದವಿ ಮುಗಿಸಿದವರಿಗೆ ಉದ್ಯೋಗ ಹುಡುಕಲು 18 ತಿಂಗಳವರೆಗೆ ಉಳಿಯಲು ಅಲ್ಲಿ ಅನುಮತಿ ದೊರೆಯುತ್ತದೆ. ಅಷ್ಟು ತಿಂಗಳ ಊಟ, ಬಾಡಿಗೆಯನ್ನೂ ಈಗಲೇ ಅಂದಾಜಿಗೆ ಸೇರಿಸಿಕೊಳ್ಳಿ.