ಸ್ಕ್ಯಾನ್ ಕ್ಲೀನ್ ಇದ್ದರೂ ಲಿಂಫ್ ನೋಡ್ ಯಾಕೆ ತೆಗೆಯುತ್ತಾರೆ?

ನಿಮ್ಮ ತಂದೆಯವರಿಗೆ ಪ್ರಾಸ್ಟೇಟ್ ಕ್ಯಾನ್ಸರ್; ಪಿಎಸ್‌ಎ (ಪ್ರಾಸ್ಟೇಟ್‌ನ ರಕ್ತ ಪರೀಕ್ಷೆ) 14, ಗ್ಲೀಸನ್ (ಕ್ಯಾನ್ಸರ್ ಎಷ್ಟು ಉಗ್ರ ಅಂತ ಹೇಳುವ ಬಯಾಪ್ಸಿ ಅಂಕ) 4+3, ಕ್ಯಾನ್ಸರ್ ಎಲ್ಲೆಲ್ಲಿ ಹರಡಿದೆ ಅಂತ ಹುಡುಕುವ ಪಿಎಸ್‌ಎಂಎ ಪೆಟ್ ಸ್ಕ್ಯಾನ್‌ನಲ್ಲಿ ಹರಡಿದ ಗುರುತು ಏನೂ ಇಲ್ಲ, ಆದರೂ ಪ್ರಾಸ್ಟೇಟ್ ಜೊತೆ ಲಿಂಫ್ ನೋಡ್‌ಗಳನ್ನೂ (ಕ್ಯಾನ್ಸರ್ ಹರಡಬಹುದಾದ ಸಣ್ಣ ಗ್ರಂಥಿಗಳು) ಯಾಕೆ ತೆಗೆಯಬೇಕು ಅಂತ ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ಆ ಸ್ಕ್ಯಾನ್ ಒಳ್ಳೆಯದೇ, ಆದರೆ ಕೆಲವೇ ಮಿಲಿಮೀಟರ್ ಗಾತ್ರದ ಕ್ಯಾನ್ಸರ್ ಅದರ ಕಣ್ಣಿಗೆ ಬೀಳದೆ ಹೋಗಬಹುದು. ನೋಡ್ ತೆಗೆದು ಮೈಕ್ರೋಸ್ಕೋಪ್‌ನಲ್ಲಿ ನೋಡಿದರೇನೇ ಖಚಿತ.

ಒಂದು ಮಾತು ನೇರವಾಗಿ ಹೇಳುತ್ತೇನೆ. ನೋಡ್ ತೆಗೆದರೆ ಆಯಸ್ಸು ಹೆಚ್ಚುತ್ತದೆ ಅಂತ ಇನ್ನೂ ಗಟ್ಟಿಯಾಗಿ ಸಾಬೀತಾಗಿಲ್ಲ. ಸಿಗುವ ಮುಖ್ಯ ಲಾಭ ಮಾಹಿತಿ: ನೋಡ್‌ನಲ್ಲಿ ಕ್ಯಾನ್ಸರ್ ಸಿಕ್ಕರೆ, ಎಷ್ಟು ನೋಡ್‌ನಲ್ಲಿದೆ, ಆಪರೇಷನ್ ನಂತರ ಪಿಎಸ್‌ಎ ಎಷ್ಟಿದೆ ಅಂತ ನೋಡಿಕೊಂಡು ಹಾರ್ಮೋನ್ ಚಿಕಿತ್ಸೆ, ರೇಡಿಯೇಷನ್ ಬೇಕಾ ಅಥವಾ ಸ್ವಲ್ಪ ಕಾದು ನೋಡಬಹುದಾ ಅಂತ ತೀರ್ಮಾನ ಮಾಡುತ್ತಾರೆ. ಕಡಿಮೆ ಅಪಾಯದ ಕ್ಯಾನ್ಸರ್ ಆಗಿದ್ದರೆ ಸಾಮಾನ್ಯವಾಗಿ ಇದನ್ನು ಮಾಡುವುದೇ ಇಲ್ಲ. ನಿಮ್ಮ ತಂದೆಯವರದು ಆ ಗುಂಪಲ್ಲ, ಹಾಗಾಗಿ ಡಾಕ್ಟರ್ ಹೇಳಿದ್ದರಲ್ಲಿ ಅರ್ಥವಿದೆ ಅಂತ ನನಗನ್ನಿಸುತ್ತದೆ.

ತೊಂದರೆಗಳೂ ಇವೆ, ಸುಮ್ನೆ ಮುಚ್ಚಿಡಬಾರದು. ಹೊಟ್ಟೆಯ ಕೆಳಭಾಗದಲ್ಲಿ ಲಿಂಫ್ ದ್ರವ ಸೇರಿಕೊಳ್ಳುವುದು ಜಾಸ್ತಿ ಕಾಣುವಂಥದ್ದು. ಕಾಲು ಊತ, ರಕ್ತ ಹೆಪ್ಪುಗಟ್ಟುವುದು, ಅಪರೂಪಕ್ಕೆ ತೊಡೆಯ ನರಕ್ಕೆ ಪೆಟ್ಟು ಕೂಡ ಆಗಬಹುದು. ಮನೆಗೆ ಬಂದ ಮೇಲೆ ಜ್ವರ, ಒಂದೇ ಕಾಲಿನಲ್ಲಿ ಊತ ಅಥವಾ ನೋವು ಬಂದರೆ ಅವತ್ತೇ ತೋರಿಸಿ. ಉಸಿರಾಟಕ್ಕೆ ಕಷ್ಟವಾದರೆ ತಕ್ಷಣ ಎಮರ್ಜೆನ್ಸಿಗೆ ಹೋಗಿ.

ಆಪರೇಷನ್‌ಗೆ ಮುಂಚೆ ಸರ್ಜನ್ ಹತ್ತಿರ ಎರಡು ವಿಷಯ ಕೇಳಿ: ನೋಡ್‌ಗೆ ಹರಡಿರುವ ಸಾಧ್ಯತೆ ಶೇಕಡಾ ಎಷ್ಟು ಅಂತ ಲೆಕ್ಕ ಹಾಕಿದ್ದೀರಿ, ಮತ್ತು ಎಲ್ಲೆಲ್ಲಿಂದ ತೆಗೆಯುತ್ತೀರಿ?