ಅವರವರ ಖರ್ಚು ಅವರವರಿಗೆ

‘ಆಸ್ಟ್ರೇಲಿಯಾದ ಮೂಲನಿವಾಸಿಗಳ ಭೂಹಕ್ಕಿನ ದಾವೆಗಳಲ್ಲಿ ಸೋತವರು ಗೆದ್ದವರ ಖರ್ಚು ಕೊಡಬೇಕಿಲ್ಲವಂತೆ. ಸುಳ್ಳು ದಾವೆಗೆ ಇದು ದಾರಿಯಾಗದೇ? ಸಾಮಾನ್ಯವಾಗಿ ಸೋತವರಿಂದಲೇ ಖರ್ಚು ಕೊಡಿಸುವ ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಕಲಮೇ ಮೇಲಲ್ಲವೇ?’ ಎಂದು ಶಿರಸಿಯ ನಿವೃತ್ತ ವಕೀಲರೊಬ್ಬರು ಬರೆದಿದ್ದಾರೆ.

ವಕೀಲರೇ, ನಿಮ್ಮ ಮಾತಿನಲ್ಲಿ ಹುರುಳಿದೆ. ಇಂಥ ದಾವೆಯಲ್ಲಿ ಎದುರಾಳಿಯಾಗಿ ನಿಂತು, ಗೆದ್ದೂ ತನ್ನ ಫೀಸು ತಾನೇ ತೆರುವ ಪಶುಪಾಲಕನಿಗೆ ಕಷ್ಟವೇ. ಆದರೆ 1993ರ ನೇಟಿವ್ ಟೈಟಲ್ ಕಾಯಿದೆಯ 85ಎ ಕಲಮನ್ನು ತಾವು ಅರ್ಧಕ್ಕೇ ಬಿಟ್ಟಿರಿ. ಕೋರ್ಟು ಬೇರೆ ಆದೇಶ ಮಾಡದಿದ್ದರೆ ಮಾತ್ರ ಅವರವರ ಖರ್ಚು ಅವರವರಿಗೆ. ಅಸಮಂಜಸವಾಗಿ ನಡೆದು ಎದುರಾಳಿಗೆ ಖರ್ಚು ಹಚ್ಚಿದವರಿಂದ ಅದನ್ನು ಕೊಡಿಸುವ ಅಧಿಕಾರ ಕೋರ್ಟಿಗಿದೆ. ತರಲೆ ದಾವೆಗೆ ಅಷ್ಟು ಸಾಲದೇ?

ಮರ್ರೆ ನದಿ ದಂಡೆಯ ಯೋರ್ತಾ ಯೋರ್ತಾ ಎಂಬ ಮೂಲನಿವಾಸಿ ಜನ ತಮ್ಮ ನೆಲದ ಹಕ್ಕಿಗಾಗಿ 1994ರಲ್ಲಿ ಅರ್ಜಿ ಹಾಕಿದರು. 114 ದಿನ ವಿಚಾರಣೆ, 201 ಸಾಕ್ಷಿಗಳು. ಹಿರಿಯರು ಬಾಯಿಬಿಟ್ಟು ಹೇಳಿದ್ದಕ್ಕಿಂತ, ಎಡ್ವರ್ಡ್ ಕರ್ ಎಂಬ 19ನೇ ಶತಮಾನದ ಬಿಳಿಯ ಕುರಿ ಸಾಕಣೆಗಾರ ಬರೆದಿಟ್ಟದ್ದೇ ನ್ಯಾಯಮೂರ್ತಿ ಓಲ್ನಿಯವರಿಗೆ ಹೆಚ್ಚು ನಂಬಿಕೆಗೆ ಅರ್ಹವೆನಿಸಿತು. 1998ರಲ್ಲಿ ಸೋತರು, 2002ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟಿನಲ್ಲೂ ಸೋತರು. ನೆಲದಿಂದ ಎಬ್ಬಿಸಿ, ಮಿಷನ್ನುಗಳಲ್ಲಿ ಕೂಡಿಹಾಕಿ, ಭಾಷೆ ಮರೆಸಿದವರೇ ‘ನಿಮ್ಮ ಸಂಪ್ರದಾಯ ಮುರಿಯದೆ ಬಂದಿದೆಯೇ, ಸಾಬೀತು ಮಾಡಿ’ ಎಂದರೆ ಸೋಲದೆ ಏನಾಗುತ್ತದೆ? ಇದು ಸುಳ್ಳು ದಾವೆಯೇ ಹೇಳಿ.

ನನ್ನ ಅಜ್ಜ ಕಾಲುದಾರಿಯ ಹಕ್ಕಿನ ದಾವೆಯೊಂದರಲ್ಲಿ ಸೋತಿದ್ದರು. ದಾರಿ ಹೋದದ್ದನ್ನು ತಡೆದುಕೊಂಡರು. ಎರಡು ವರ್ಷದ ಅಡಿಕೆ ಫಸಲು ಎದುರಾಳಿಯ ಖರ್ಚಿಗೇ ಹೋದದ್ದು ಅವರನ್ನು ಕುಗ್ಗಿಸಿಬಿಟ್ಟಿತು. ಗೆದ್ದವ ಸೋತ, ಸೋತವ ಸತ್ತ ಎಂದು ನಮ್ಮ ಹಿರಿಯರು ಸುಮ್ಮನೆ ಅಂದದ್ದಲ್ಲ.

85ಎ ನೆರಳಿಲ್ಲದ ಕಡೆ ಏನಾಗುತ್ತದೆಂದು ಉತ್ತರ ಆಸ್ಟ್ರೇಲಿಯಾದ ತಿವಿ (Tiwi) ದ್ವೀಪಗಳ ಮೂಲನಿವಾಸಿಗಳನ್ನು ನೋಡಿ. ಸಾಂಟೋಸ್ ಕಂಪನಿಯ ಗ್ಯಾಸ್ ಪೈಪ್‌ಲೈನ್ ತಮ್ಮ ಪವಿತ್ರ ಕಡಲನ್ನು ಹಾಯುತ್ತದೆಂದು ಬೇರೊಂದು ಕಾನೂನಿನಡಿ ಕೋರ್ಟಿಗೆ ಹೋಗಿ 2024ರಲ್ಲಿ ಸೋತರು. ಅವರ ಪರ ನಿಂತ ಎನ್ವಿರಾನ್ಮೆಂಟಲ್ ಡಿಫೆಂಡರ್ಸ್ ಆಫೀಸ್ ಎಂಬ ವಕೀಲರ ಸಂಸ್ಥೆ ಸುಮಾರು 90 ಲಕ್ಷ ಡಾಲರ್ ತೆರಬೇಕಾಯಿತು. ಆ ವಕೀಲರ ನಡೆಯನ್ನು ಕೋರ್ಟು ಕಟುವಾಗಿ ಟೀಕಿಸಿತ್ತು, ಒಪ್ಪುತ್ತೇನೆ. ಆದರೂ ಇಷ್ಟು ದೊಡ್ಡ ಮೊತ್ತ ಕೇಳಿದ ಮೇಲೆ ಇನ್ನೊಂದು ದ್ವೀಪದ ಬಡವರ ವಕಾಲತ್ತು ಯಾರು ಹಿಡಿದಾರು?

ಕಾಗದ ಇದ್ದವರ ಮಾತಷ್ಟೇ ಮಾತು ಎನ್ನುವ ಈ ರೋಗ ನಿಮ್ಮ ಜಿಲ್ಲೆಯಲ್ಲೂ ಇದೆ. ಅರಣ್ಯಹಕ್ಕು ನಿಯಮಗಳು ಊರ ಹಿರಿಯರ ಹೇಳಿಕೆಯನ್ನೂ ಸಾಕ್ಷ್ಯವೆಂದು ಒಪ್ಪುತ್ತವೆ. ಆದರೂ 75 ವರ್ಷದಿಂದ ಅಲ್ಲೇ ಇದ್ದುದಕ್ಕೆ ದಾಖಲೆ ಎಲ್ಲಿ ಎಂದು ಅಲೆಸುವುದು ನಿಂತಿಲ್ಲ.

ಖರ್ಚಿಗೆ ಹೆದರಿ, ವಕಾಲತ್ತಿಗೆ ಸಹಿ ಹಾಕದೆ ನಿಮ್ಮ ಕಚೇರಿಯಿಂದ ಎದ್ದುಹೋದ ಕಕ್ಷಿದಾರರು ನಿಮಗೆ ಖಂಡಿತ ನೆನಪಿರುತ್ತಾರೆ. ಅವರ ಬಗ್ಗೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ನಿಮಗೆಂದೇ ಒಂದು ಪುಟ ಇಟ್ಟಿರುತ್ತೇನೆ.

– ಸಂ.