ಜೈಲಿಗೆ ಹಾಕದಿದ್ದರೆ ಸುಮ್ನೆ ಬಿಟ್ಟ ಹಾಗಲ್ವಾ ಅಂದಿರಲ್ಲ, ಅದಕ್ಕೆ

ಕಳ್ಳತನ, ಆಸ್ತಿ ಹಾಳು ಮಾಡುವಂಥ ಅಪರಾಧಕ್ಕೆ ವರ್ಷಗಟ್ಟಲೆ ಜೈಲು ಬೇಡ ಅಂದರೆ ಬೇರೇನು ಶಿಕ್ಷೆ ಉಳಿಯುತ್ತೆ ಅಂತ ಕೇಳಿದ್ದೀರಿ. ಉಳಿಯುತ್ತೆ, ಮತ್ತು ಅದು ಜೈಲಿಗಿಂತ ಸುಲಭ ಅಂತ ನನಗಂತೂ ಅನಿಸಿಲ್ಲ.

1974ರಲ್ಲಿ ಕೆನಡಾದ ಎಲ್ಮೈರಾ ಊರಿನಲ್ಲಿ ಇಬ್ಬರು ಹುಡುಗರು ಕುಡಿದು 22 ಕಡೆ ದಾಂಧಲೆ ಮಾಡಿದ್ದರು. ಕಾರಿನ ಟೈರ್ ಕೊಯ್ದಿದ್ದರು, ಕಿಟಕಿ ಗಾಜು ಒಡೆದಿದ್ದರು. ನ್ಯಾಯಾಧೀಶರು ಅವರನ್ನು ನಷ್ಟವಾದವರ ಹತ್ತಿರವೇ ಕಳಿಸಿದರು. ಒಂದೊಂದೇ ಬಾಗಿಲು ತಟ್ಟಬೇಕು, ತೆರೆದವರ ಮುಖ ನೋಡಿ ಇದನ್ನು ಮಾಡಿದ್ದು ನಾವೇ ಅಂತ ಒಪ್ಪಿಕೊಳ್ಳಬೇಕು, ಎಷ್ಟು ನಷ್ಟ ಅಂತ ಕೇಳಿ ಬರೆದುಕೊಳ್ಳಬೇಕು, ಆಮೇಲೆ ದುಡಿದು ಅದನ್ನು ತುಂಬಿಕೊಡಬೇಕು. ಕೆಲವೇ ತಿಂಗಳಲ್ಲಿ ತುಂಬಿಕೊಟ್ಟರು. ಜೈಲಿನಲ್ಲಿ ಕೂತಿದ್ದರೆ ಆ ಮನೆಯವರಿಗೆ ಒಂದು ಗಾಜಿನ ದುಡ್ಡೂ ಬರುತ್ತಿರಲಿಲ್ಲ, ಅಲ್ವಾ?

ಸಂಬಳವಿಲ್ಲದ ಸಮುದಾಯ ಸೇವೆ ಇನ್ನೊಂದು ದಾರಿ. ಇಂಗ್ಲೆಂಡಿನಲ್ಲಿ 40ರಿಂದ 300 ಗಂಟೆವರೆಗೆ ಮಾಡಿಸುತ್ತಾರೆ. ತಪ್ಪಿಸಿಕೊಂಡರೆ ಮತ್ತೆ ಕೋರ್ಟಿಗೆ ಹೋಗಬೇಕು. ಕಾಲಿಗೆ ಎಲೆಕ್ಟ್ರಾನಿಕ್ ಪಟ್ಟಿ ಕಟ್ಟಿ ಮನೆಯಲ್ಲೇ ಇರಿಸುವ ಕ್ರಮವೂ ಇದೆ. ಇದರಲ್ಲಿ ಕೆಲಸಕ್ಕೆ ಹೋಗಿಬರಲು ಬಿಡಬಹುದು, ಹೆಂಡತಿ ಮಕ್ಕಳು ಬೀದಿಗೆ ಬೀಳೋದಿಲ್ಲ. ನನಗೆ ಇದು ಜಾಸ್ತಿ ಮುಖ್ಯ, ಯಾಕಂದ್ರೆ ತಪ್ಪು ಅವರದ್ದಲ್ಲ.

ಆದರೆ ಕೊಲೆ, ಅತ್ಯಾಚಾರಕ್ಕೆ ಇದೇ ಸಾಕು ಅಂತ ನಾನು ಹೇಳಲ್ಲ. ಜನರಿಗೆ ಅಪಾಯ ಇರುವವನನ್ನು ಒಳಗೇ ಇಡಬೇಕು. ನಾರ್ವೆಯಲ್ಲಿ ಜೀವಾವಧಿ ಶಿಕ್ಷೆಯೇ ಇಲ್ಲ, ಆದರೂ ಅಪಾಯ ಹಾಗೇ ಉಳಿದಿದ್ದರೆ ಅವಧಿ ಮುಗಿದ ಮೇಲೂ ಕೋರ್ಟು ಅದನ್ನು ಮುಂದುವರಿಸಬಹುದು. ನೀವು ಕೇಳಿದ ಕಳ್ಳನ ಲೆಕ್ಕ ಬೇರೆ. ಅವನು ಕದ್ದದ್ದನ್ನು ದುಡಿದು ವಾಪಸ್ ಕೊಡಲಿ.